ಕಿತ್ತೂರ ಕೋಟೆಯನ್ನು ನೋಡುವ ಬಗೆ

ಗೋಕಾಕ, ಮೂಡಲಗಿ, ಹುಕ್ಕೇರಿಗಳಲ್ಲಿ ಹರಡಿಕೊಂಡ ನಮ್ಮ ಬಂಧುವರ್ಗದವರು ಕಿತ್ತೂರಿಗೆ ಹೊರಟಾಗಲೆಲ್ಲ ಜತೆಗೆ ಹೋಗಿ ತೋರಿಸುವ ಹೊಣೆ ನನ್ನ ಪಾಲಿಗೇ ಬರುತ್ತಿದ್ದುದರಿಂದ, ಆ ಕೋಟೆಯನ್ನು ನೋಡುವ ಬಗೆಯನ್ನು ನಾನು ನಿಧಾನವಾಗಿ ಕಲಿತೆನು. ಹುಕ್ಕೇರಿಯ ಗುಮ್ಮಟಗಳಂತಹ ಅಖಂಡ ಕಟ್ಟಡವನ್ನಾಗಲಿ, ಗೋಕಾಕದಲ್ಲಿ ಧುಮುಕುವ ಘಟಪ್ರಭೆಯ ವೈಭವವನ್ನಾಗಲಿ ಕಂಡು ರೂಢಿಯಾದವರಿಗೆ ಅಲ್ಲಿ ಮುರಿದ ಗೋಡೆ, ಹುಲ್ಲು ಬೆಳೆದ ಜಗತಿ, ಛಾವಣಿಯಿಲ್ಲದ ಅರಮನೆ ಇಷ್ಟೇ ಗೋಚರಿಸುವುವು. ಹೆಬ್ಬಾಗಿಲಲ್ಲಿ ಚಿತ್ರ ತೆಗೆಯಿಸಿಕೊಂಡು ಮರಳುವವರೇ ಬಹಳ.

“ಅಜ್ಜಾ, ಇಷ್ಟ ಮಂದಿಗೆ ನೀರ ಎಲ್ಲಿಂದ ತರ್ತಿದ್ರು?” ಎಂದು ಅರಮನೆಯ ನಡುವೆ ನಿಂತು ನಮ್ಮ ಮನೆಯ ಹುಡುಗಿಯೊಬ್ಬಳು ಕೇಳಿದ ಪ್ರಶ್ನೆಯೇ ನನ್ನ ದೃಷ್ಟಿಯನ್ನು ಗೋಡೆಯಿಂದ ನೆಲಕ್ಕೆ ಇಳಿಸಿತು. ಅಂದಿನಿಂದ ನಾನು ಮೊದಲು ತೋರಿಸುವುದು ಬಾವಿಯನ್ನು, ಸ್ನಾನಗೃಹದ ತೊಟ್ಟಿಗಳನ್ನು, ಅಡುಗೆಯ ಸ್ಥಳವನ್ನು, ಧ್ರುವನಕ್ಷತ್ರದ ದರ್ಶನಕ್ಕೆಂದು ಗೋಡೆಯಲ್ಲಿ ಇರಿಸಿದ ರಂಧ್ರವನ್ನು. ಸಂಸಾರ ನಡೆದ ಮನೆಯಿದು ಎಂಬುದು ಮನಸ್ಸಿಗೆ ಇಳಿದ ಮೇಲೆಯೇ 1824ರ ವೃತ್ತಾಂತದ ಭಾರ ತಿಳಿಯುವುದು. ಅರಸ ಶಿವಲಿಂಗರುದ್ರಸರ್ಜನು ಮಕ್ಕಳಿಲ್ಲದೆ ತೀರಿಕೊಂಡನು. ಅವನ ದತ್ತಕವನ್ನು ಕಂಪನಿ ಸರಕಾರ ಒಪ್ಪಲಿಲ್ಲ. ಧಾರವಾಡದ ಕಲೆಕ್ಟರ್ ಥ್ಯಾಕರೆ ಬಂದು ಭಂಡಾರಕ್ಕೆ ಮುದ್ರೆ ಹಾಕಿಸಿದನು. ದುಃಖದ ಮನೆಯೊಂದರ ಉತ್ತರಾಧಿಕಾರದ ಮಾತು ಹೀಗೆ ಅಕ್ಟೋಬರ್ 23ರ ಕಾಳಗವಾಗಿ ಪರಿಣಮಿಸಿ, ಥ್ಯಾಕರೆ ಅದರಲ್ಲಿ ಮಡಿದನು. ಡಿಸೆಂಬರಿನಲ್ಲಿ ಹೆಚ್ಚಿನ ಸೈನ್ಯ, ತೋಪುಗಳೊಡನೆ ಬಂದ ಕಂಪನಿಯವರಿಗೆ ಕೋಟೆ ವಶವಾಯಿತು, ರಾಣಿ ಚೆನ್ನಮ್ಮಾಜಿ ಸೆರೆಯಾದಳು. ಇಷ್ಟನ್ನೂ ಸಹಿಸಿ ಉಳಿದ ಗೋಡೆಗಳ ಮೇಲೆ ತಮ್ಮ ಹೆಸರು ಕೆತ್ತುವವರನ್ನು ಕಂಡಾಗ ನನಗೆ ಇಂದಿಗೂ ಸಂಕಟವಾಗುತ್ತದೆ.

ಬಿಸಿಲೇರುವ ಮುನ್ನವೇ ಅರಮನೆಯನ್ನೂ ಕೋಟೆಯ ಗೋಡೆಯ ಸುತ್ತನ್ನೂ ನಡೆದು ಮುಗಿಸಿ, ಅಲ್ಲಿಯೇ ಇರುವ ವಸ್ತುಸಂಗ್ರಹಾಲಯಕ್ಕೆ ಆಮೇಲೆ ಹೋಗುವುದು ಲೇಸು. ಖಡ್ಗ ಕವಚಗಳನ್ನು ಮೊದಲು ಕಂಡ ಮಕ್ಕಳಿಗೆ ಆಮೇಲೆ ಬಾವಿ, ತೊಟ್ಟಿಗಳು ಕಣ್ಣಿಗೆ ಬೀಳುವುದಿಲ್ಲ. ಯರಗಟ್ಟಿ, ಬೈಲಹೊಂಗಲಗಳ ಮೇಲೆ ಬರುವ ನಮ್ಮ ಕಡೆಯವರು, ದಾರಿಯಲ್ಲೇ ಸಿಗುತ್ತದೆಂದು, ಬೈಲಹೊಂಗಲದಲ್ಲಿರುವ ಚೆನ್ನಮ್ಮಾಜಿಯ ಸಮಾಧಿಯನ್ನು ಹೋಗುವಾಗಲೇ ನೋಡಿಬಿಡುವುದುಂಟು. ಆ ಕ್ರಮವನ್ನು ಮಾತ್ರ ನಾನು ಒಪ್ಪುವುದಿಲ್ಲ. ಸೆರೆಯಲ್ಲಿಯೇ ಕೊರಗಿ 1829ರಲ್ಲಿ ಕಣ್ಮುಚ್ಚಿದ ಆ ತಾಯಿಯ ಸನ್ನಿಧಿಗೆ ಅವಳ ಮನೆಯನ್ನು ಕಂಡು ಬಂದವರಾಗಿಯೇ ಹೋಗಬೇಕೆಂದು ಹಟ ಹಿಡಿದು, ಹೊತ್ತು ಮುಳುಗುವ ಮೊದಲೇ ಬೈಲಹೊಂಗಲವನ್ನು ಸೇರುವಂತೆ ಎಲ್ಲರನ್ನೂ ಕಿತ್ತೂರಿನಿಂದ ಹೊರಡಿಸುತ್ತೇನೆ.