ಹಳೆ ಫಟಫಟಿ ಕಾಯದಿರಲಿ: ವಿಜಯಪುರದ ಬಿಸಿಲಿಗೆ, ದಟ್ಟಣೆಗೆ ಹನ್ನೆರಡು ಸೂತ್ರಗಳು

ಹೀರೋ ಹೋಂಡಾ ಸಿಡಿ 100, ಮೊದಮೊದಲಿನ ಸ್ಪ್ಲೆಂಡರ್, ಯಮಹಾ ಆರ್‌ಎಕ್ಸ್ 100, ಹಳೆ ಬುಲೆಟ್, ಮೈಸೂರಿನಲ್ಲಿ ತಯಾರಾದ ಯೆಜ್ಡಿ. ಇವು ಯಾವುದಕ್ಕೂ ರೇಡಿಯೇಟರ್ ಇಲ್ಲ, ಫ್ಯಾನ್ ಇಲ್ಲ. ಸಿಲಿಂಡರಿನ ಸುತ್ತಲಿನ ಫಿನ್‌ಗಳ ನಡುವೆ ಗಾಳಿ ಹಾಯ್ದರೆ ಎಂಜಿನ್ ತಣಿಯುತ್ತದೆ, ಇಲ್ಲದಿದ್ದರೆ ಇಲ್ಲ. ಟಿಕೋಟಾದಿಂದ ಬಯಲು ರಸ್ತೆಯಲ್ಲಿ ಬರುವಾಗ ಗಾಳಿಗೆ ಬರವಿಲ್ಲ. ಗಾಂಧಿ ಚೌಕದಲ್ಲಿ ಬಸ್ಸು, ಆಟೊ, ಟಂಟಂಗಳ ನಡುವೆ ಸಿಕ್ಕಿಕೊಂಡಾಗ ಗಾಳಿ ನಿಲ್ಲುತ್ತದೆ, ಒಳಗಿನ ಉರಿ ಮಾತ್ರ ನಿಲ್ಲುವುದಿಲ್ಲ. ಬೇಸಿಗೆಯಲ್ಲಿ ಇಲ್ಲಿ ಹೊರಗಿನ ಗಾಳಿಯೇ 40 ಡಿಗ್ರಿ ದಾಟಿರುತ್ತದೆ.

“ಗಾಡಿ ಭಾಳ ಕಾದೈತ್ರಿ, ವಯಸ್ಸಾತು” ಎಂದು ಹೇಳಿ ಹಳೆ ಗಾಡಿಯನ್ನು ಗುಜರಿಗೆ ಹಾಕುವವರಿದ್ದಾರೆ. ವಯಸ್ಸು ಅಪರೂಪಕ್ಕೆ ಕಾರಣ. ಬಹುಪಾಲು ಗಾಡಿಗಳು ಕಾಯುವುದು ನಾವು ನೋಡದೆ ಬಿಟ್ಟ ಸಣ್ಣಪುಟ್ಟ ಸಂಗತಿಗಳಿಂದ.

1. ಮೊದಲು ಆಯಿಲ್ ನೋಡಿ. ಎಂಜಿನ್ ಆಯಿಲ್ ಕೆಲಸ ಸವೆತ ತಡೆಯುವುದಷ್ಟೇ ಎಂದುಕೊಂಡವರು ಬಹಳ. ಪಿಸ್ಟನ್ ಮತ್ತು ಹೆಡ್ಡಿನ ಶಾಖವನ್ನು ಹೊತ್ತು ಕೆಳಗಿನ ಕ್ರ್ಯಾಂಕ್‌ಕೇಸಿಗೆ ತರುವುದೂ ಅದೇ. ಸ್ಪ್ಲೆಂಡರಿನಂಥ ಗಾಡಿಯಲ್ಲಿ ಇರುವುದೇ ಒಂದು ಲೀಟರಿನೊಳಗಿನ ಆಯಿಲ್. ರಿಂಗ್ ಸವೆದ ಎಂಜಿನ್ ಅದರಲ್ಲೇ ಕಾಲು ಲೀಟರ್ ಸುಟ್ಟುಕೊಂಡರೆ ಶಾಖ ಹೊರುವ ಕೂಲಿಯೇ ಅರ್ಧ ಸುಸ್ತಾದಂತೆ. ವಾರಕ್ಕೊಮ್ಮೆ, ಗಾಡಿಯನ್ನು ಸಮನೆಲದಲ್ಲಿ ನೆಟ್ಟಗೆ ನಿಲ್ಲಿಸಿ, ಡಿಪ್‌ಸ್ಟಿಕ್ ಒರೆಸಿ ಅಳೆಯಿರಿ. ಸಿಡಿ 100 ಮತ್ತು ಸ್ಪ್ಲೆಂಡರಿನಲ್ಲಿ ಅಳೆಯುವಾಗ ಡಿಪ್‌ಸ್ಟಿಕ್ ತಿರುವಬಾರದು, ಸುಮ್ಮನೆ ಇಳಿಬಿಟ್ಟು ತೆಗೆಯಬೇಕು. ತಿರುವಿದರೆ ಇರುವುದಕ್ಕಿಂತ ಹೆಚ್ಚು ಆಯಿಲ್ ಕಾಣಿಸುತ್ತದೆ.

ನಮ್ಮ ಧೂಳಿಗೆ ಎರಡೂವರೆ ಸಾವಿರ ಕಿ.ಮೀ.ಗೆ ಆಯಿಲ್ ಬದಲಿಸುವುದು ಒಳ್ಳೆಯದು. ದಪ್ಪ-ತೆಳುವಿನ ಲೆಕ್ಕವನ್ನು ಗಾಡಿಯ ಕೈಪಿಡಿಯಂತೆ ನಡೆಸಿ. ಕಾರಿಗೆ ತಂದು ಉಳಿದ ಆಯಿಲ್ ಸುರಿಯಬೇಡಿ. ಬಹುಪಾಲು ಬೈಕುಗಳ ಕ್ಲಚ್ ಪ್ಲೇಟುಗಳು ಅದೇ ಆಯಿಲ್‌ನಲ್ಲಿ ಮುಳುಗಿರುತ್ತವೆ. ಕಾರಿನ ಕೆಲವು ಆಯಿಲ್‌ಗಳಲ್ಲಿರುವ ಜಾರು ಪದಾರ್ಥದಿಂದ ಕ್ಲಚ್ ಜಾರಿ, ಅದರಿಂದಲೇ ಶಾಖ ಹುಟ್ಟುತ್ತದೆ. ಡಬ್ಬಿಯ ಮೇಲೆ ‘ಜಾಸೊ ಎಂಎ’ ಎಂಬ ಗುರುತಿರಲಿ.

2. ಫಿನ್‌ಗಳಿಗೆ ಗಾಳಿ ಬಿಡಿ. ಮಳೆಗಾಲದಲ್ಲಿ ಎರೆಮಣ್ಣಿನ ಹೊಲದಿಂದ ಹೊರಬಂದ ಗಾಡಿ ನೋಡಿದ್ದೀರಿ. ಫಿನ್‌ಗಳ ಸಂದಿಯಲ್ಲಿ ಕೂತ ಆ ಮಣ್ಣು ಒಣಗಿದರೆ ಗಟ್ಟಿಯಾಗುತ್ತದೆ, ಶಾಖವನ್ನು ಒಳಗೇ ಹಿಡಿದಿಡುತ್ತದೆ. ಆಯಿಲ್ ಸೋರಿದ ಜಾಗಕ್ಕೆ ಧೂಳು ಮೆತ್ತಿದರೂ ಅದೇ ಕತೆ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಸೀಮೆಎಣ್ಣೆ ಇಲ್ಲವೇ ಡೀಸೆಲ್ ಹಚ್ಚಿ, ಹಳೆ ಬ್ರಷ್ಷಿನಿಂದ ತಿಕ್ಕಿ ತೊಳೆಯಿರಿ. ಅಂದಕ್ಕೆಂದು ಫಿನ್‌ಗಳಿಗೆ ದಪ್ಪ ಬಣ್ಣ ಬಳಿಸಬೇಡಿ. ಲೆಗ್‌ಗಾರ್ಡಿಗೆ ಕಟ್ಟಿದ ರೆಕ್ಸಿನ್ ಹೊದಿಕೆಯನ್ನು ಬೇಸಿಗೆಯಲ್ಲಿ ಬಿಚ್ಚಿಡಿ. ಹಾಲಿನ ಕ್ಯಾನ್, ದ್ರಾಕ್ಷಿ ಕ್ರೇಟ್, ಗೊಬ್ಬರದ ಚೀಲಗಳನ್ನು ಎಂಜಿನ್ನಿನ ಪಕ್ಕಕ್ಕೆ ಜೋತುಬೀಳದಂತೆ ಹಿಂದಕ್ಕೆ ಕಟ್ಟಿ.

3. ನಿಂತರೆ ಎಂಜಿನ್ ಬಂದ್ ಮಾಡಿ. ಅರ್ಧ ನಿಮಿಷಕ್ಕಿಂತ ಹೆಚ್ಚು ನಿಲ್ಲಬೇಕೆಂದು ಕಂಡರೆ ಕೀಲಿ ತಿರುಗಿಸಿಬಿಡಿ. ಮತ್ತೆ ಕಿಕ್ ಹೊಡೆಯುವ ಬೇಸರ ದೊಡ್ಡದಲ್ಲ. ನಿಂತಲ್ಲೇ ಎಕ್ಸಲರೇಟರ್ ತಿರುವಿ ಗುರ್‌ಗುಟ್ಟಿಸುವುದನ್ನು ಬಿಡಲೇಬೇಕು.

4. ಅರ್ಧ ಕ್ಲಚ್ಚಿನ ಚಟ ಬಿಡಿ. ಶಾಸ್ತ್ರಿ ಮಾರ್ಕೆಟ್ ಹತ್ತಿರ ಒಂದೊಂದು ಮಾರು ಸರಿಯುತ್ತ ಕ್ಲಚ್ಚನ್ನು ಅರ್ಧ ಹಿಡಿದೇ ಎಳೆಸುವುದು ಎಲ್ಲರ ಅಭ್ಯಾಸ. ಆಗ ಪ್ಲೇಟುಗಳು ಉಜ್ಜಿ ಹುಟ್ಟುವ ಶಾಖವೆಲ್ಲ ಆಯಿಲ್‌ಗೆ ಸೇರುತ್ತದೆ. ಮುಂದಿನ ಗಾಡಿ ಎರಡು-ಮೂರು ಮಾರು ದೂರ ಹೋಗಲಿ, ಆಮೇಲೆ ಕ್ಲಚ್ ಪೂರ್ತಿ ಬಿಟ್ಟು ಒಂದನೇ ಗೇರಿನಲ್ಲಿ ಸಾಗಿ, ಮತ್ತೆ ನಿಲ್ಲಿ. ಹಿಂದಿನವರು ಹಾರ್ನ್ ಹೊಡೆಯಲಿ ಬಿಡಿ.

ಇದೇ ಮಾತು ಬಬಲೇಶ್ವರ ರಸ್ತೆಗೂ. ಕಬ್ಬು ನುರಿಸುವ ಹಂಗಾಮು ಶುರುವಾದರೆ ನಂದಿ ಸಹಕಾರಿ ಸಕ್ಕರೆ ಕಾರ್ಖಾನೆಯ ಕಡೆಗೆ ಹೊರಟ ಟ್ರ್ಯಾಕ್ಟರುಗಳು ಎರಡೆರಡು ಟ್ರಾಲಿ ಎಳೆದುಕೊಂಡು ನಿಧಾನಕ್ಕೆ ಸಾಗುತ್ತವೆ. ಅವುಗಳ ಬಾಲ ಹಿಡಿದು, ನಾಲ್ಕನೇ ಗೇರಿನಲ್ಲೇ ಕುಂಟಿಸುತ್ತ ಹೋಗಬೇಡಿ. ಕಡಿಮೆ ವೇಗದಲ್ಲಿ ಮೇಲಿನ ಗೇರ್ ಹಾಕಿ ಎಂಜಿನ್ನನ್ನು ಬಗ್ಗಿಸಿದರೆ ಒಳಗೆ ಕಿಣಿಕಿಣಿ ಸದ್ದು ಬರುತ್ತದೆ. ಅದು ಪಿಸ್ಟನ್ನಿಗೆ ಪೆಟ್ಟು ಬೀಳುವ ಸದ್ದು. ಎರಡನೇ ಗೇರಿಗೆ ಇಳಿಸಿ. ದಾಟಲು ಆಗದಿದ್ದರೆ ಐದು ನಿಮಿಷ ಬದಿಗೆ ನಿಂತು ಟ್ರಾಲಿಗಳನ್ನು ಮುಂದೆ ಬಿಡಿ.

5. ಆವರೇಜಿನ ಆಸೆಗೆ ಕಾರ್ಬೋರೇಟರ್ ಬಿಗಿಸಬೇಡಿ. ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳಬೇಕಾದ ಸೂತ್ರ ಇದು. ಲೀಟರಿಗೆ ಐದು ಕಿ.ಮೀ. ಹೆಚ್ಚು ಸಿಗಲಿ ಎಂದು ಗ್ಯಾರೇಜಿನಲ್ಲಿ ಪೆಟ್ರೋಲ್ ಕಡಿಮೆ, ಗಾಳಿ ಹೆಚ್ಚು ಮಾಡಿಸಿಕೊಳ್ಳುತ್ತೇವೆ. ಮಿಸ್ತ್ರಿಗಳು ಇದಕ್ಕೆ ‘ಲೀನ್’ ಎನ್ನುತ್ತಾರೆ. ಲೀನ್ ಆದ ಎಂಜಿನ್ ಹೆಚ್ಚು ಕಾಯುತ್ತದೆ.

ಈಗ ಅದಕ್ಕೆ ಇನ್ನೊಂದು ಕಾರಣವೂ ಸೇರಿದೆ. 2022ರಲ್ಲಿ ದೇಶದ ಪೆಟ್ರೋಲಿನಲ್ಲಿ ಶೇ 10ರಷ್ಟಿದ್ದ ಎಥೆನಾಲ್ 2025ಕ್ಕೆ ಶೇ 20 ಮುಟ್ಟಿತು. ತೂಕದ ಲೆಕ್ಕದಲ್ಲಿ ಒಂದು ಪಾಲು ಪೆಟ್ರೋಲ್ ಉರಿಯಲು ಸುಮಾರು 14.7 ಪಾಲು ಗಾಳಿ ಬೇಕು, ಎಥೆನಾಲಿಗೆ 9 ಪಾಲು ಸಾಕು. ಹೊಸ ಗಾಡಿಗಳ ಕಂಪ್ಯೂಟರ್ ಇದನ್ನು ಅರಿತು ಇಂಧನ ಹೆಚ್ಚಿಸಿಕೊಳ್ಳುತ್ತದೆ. 1990ರ ದಶಕದ ಕಾರ್ಬೋರೇಟರಿಗೆ ಆ ತಿಳಿವಳಿಕೆ ಇಲ್ಲ. ಅದು ಅಂದು ಅಳೆದಷ್ಟನ್ನೇ ಇಂದೂ ಅಳೆಯುತ್ತದೆ. ಹಾಗಾಗಿ ಮೊದಲೇ ಬಿಗಿಸಿಟ್ಟ ಗಾಡಿ ಇನ್ನಷ್ಟು ಲೀನ್ ಆಗುತ್ತದೆ.

ಮಾಡಬೇಕಾದದ್ದಿಷ್ಟು. ಕಾರ್ಬೋರೇಟರ್ ಬಿಚ್ಚಿಸಿ ಜೆಟ್‌ಗಳನ್ನು ಸ್ವಚ್ಛ ಮಾಡಿಸಿ. ಮಿಶ್ರಣದ ತಿರುಪನ್ನು ಎಂಜಿನ್ ಬಿಸಿಯಾದ ಮೇಲೆ ಹೊಂದಿಸಲು ಹೇಳಿ. ಆಗಲೂ ಲೀನ್ ಎನಿಸಿದರೆ ಒಂದು ಅಳತೆ ದೊಡ್ಡ ಮೇನ್ ಜೆಟ್ ಹಾಕಿಸುವ ಬಗ್ಗೆ ಅನುಭವಿ ಮಿಸ್ತ್ರಿಯನ್ನು ಕೇಳಿ. ಹಳೆ ರಬ್ಬರ್ ಪೈಪು, ವಾಷರುಗಳನ್ನು ಎಥೆನಾಲ್ ಉಬ್ಬಿಸಿ ಕೆಡಿಸುತ್ತದೆ. ಅವನ್ನೂ ಬದಲಿಸಿ. ಆವರೇಜ್ ಒಂದೆರಡು ಕಿ.ಮೀ. ಇಳಿಯಬಹುದು. ಪಿಸ್ಟನ್ ಕಿಟ್ಟಿನ ಬೆಲೆಯ ಮುಂದೆ ಅದು ಲೆಕ್ಕಕ್ಕಿಲ್ಲ.

6. ಟ್ಯಾಂಕಿನ ಮುಚ್ಚಳದ ತೂತು ನೋಡಿ. ಪೆಟ್ರೋಲ್ ಕೆಳಗಿಳಿಯಲು ಮೇಲಿನಿಂದ ಗಾಳಿ ಒಳಬರಬೇಕು. ಆ ಪುಟ್ಟ ತೂತನ್ನು ಧೂಳು ಮುಚ್ಚುತ್ತದೆ, ನಾವು ಅಕ್ಕರೆಯಿಂದ ಹೊಲಿಸಿದ ಟ್ಯಾಂಕ್ ಕವರೂ ಮುಚ್ಚುತ್ತದೆ. ಪೆಟ್ರೋಲ್ ಸಾಲದೆ ಗಾಡಿ ಲೀನ್ ಆಗಿ ಕಾಯುತ್ತದೆ. ಮುಚ್ಚಳ ತೆಗೆದಾಗ ‘ಸುಸ್’ ಎಂದು ಗಾಳಿ ಒಳಗೆ ಎಳೆದ ಸದ್ದು ಬಂದರೆ ಕಳ್ಳ ಸಿಕ್ಕಿದ ಎಂದೇ ತಿಳಿಯಿರಿ.

7. ಏರ್ ಫಿಲ್ಟರ್ ತೊಳೆಯಿರಿ. ಸ್ಪಂಜಿನದಾದರೆ ಸೀಮೆಎಣ್ಣೆಯಲ್ಲಿ ತೊಳೆದು, ಹಿಂಡಿ, ಒಣಗಿಸಿ, ಸ್ವಲ್ಪ ಆಯಿಲ್ ಹಚ್ಚಿ ಮತ್ತೆ ಹಿಂಡಿ ಹಾಕಿ. ಕಾಗದದ್ದಾದರೆ ಬದಲಿಸಿ. ಫಿಲ್ಟರಿನಿಂದ ಕಾರ್ಬೋರೇಟರಿಗೆ ಹೋಗುವ ರಬ್ಬರ್ ಕೊಳವೆ ಬಿರುಕು ಬಿಟ್ಟಿದ್ದರೆ ಗಾಳಿ ಮತ್ತು ಧೂಳು ಅಡ್ಡದಾರಿಯಲ್ಲಿ ನುಗ್ಗುತ್ತವೆ. ಫಿಲ್ಟರ್ ತೆಗೆದು ಓಡಿಸುವವರ ಎಂಜಿನ್ನಿನ ಬೋರ್ ನಮ್ಮ ಹೊಲದಾರಿಗಳಲ್ಲಿ ಬೇಗ ಸವೆಯುತ್ತದೆ.

8. ಪ್ಲಗ್ ಓದಲು ಕಲಿಯಿರಿ. ಪ್ಲಗ್ ಬಿಚ್ಚಿ ಅದರ ತುದಿಯ ಪಿಂಗಾಣಿ ನೋಡಿ. ತಿಳಿ ಕಂದು ಇದ್ದರೆ ಕ್ಷೇಮ. ಬೆಳ್ಳಗೆ ಸುಣ್ಣದಂತಿದ್ದರೆ ಗಾಡಿ ಲೀನ್ ಇದೆ, ಕಾಯುತ್ತಿದೆ. ಕಪ್ಪು ಮಸಿ ಇದ್ದರೆ ಪೆಟ್ರೋಲ್ ಹೆಚ್ಚು. ಅಂಗಡಿಯವರು ಕೊಟ್ಟ ಯಾವುದೋ ಪ್ಲಗ್ ಹಾಕದೆ ಕೈಪಿಡಿಯ ನಂಬರನ್ನೇ ಕೇಳಿ. ಪಾಯಿಂಟ್ ಇರುವ ಬುಲೆಟ್, ಯೆಜ್ಡಿಗಳಲ್ಲಿ ಟೈಮಿಂಗ್ ತಡವಾದರೆ ಸೈಲೆನ್ಸರಿನ ಬೆಂಡ್ ನೀಲಿ ತಿರುಗುತ್ತದೆ. ಟ್ಯಾಪೆಟ್ ಸದ್ದು ಅಡಗಿಸಲೆಂದು ಅತಿಯಾಗಿ ಬಿಗಿಸಿದರೆ ವಾಲ್ವ್ ಸರಿಯಾಗಿ ಕೂರದೆ ಸುಡುತ್ತದೆ. ಎಂಜಿನ್ ತಣ್ಣಗಿರುವಾಗ ಫೀಲರ್ ಗೇಜ್ ಇಟ್ಟೇ ಹೊಂದಿಸಬೇಕು. ಕೊಂಚ ಟಿಕಟಿಕ ಸದ್ದಿದ್ದರೆ ಅಂಜಬೇಡಿ.

9. ತಡೆಗಳನ್ನು ತೆಗೆಯಿರಿ. ಗಾಡಿಯನ್ನು ನಡುಸ್ಟ್ಯಾಂಡಿಗೆ ಏರಿಸಿ ಹಿಂದಿನ ಗಾಲಿ ಕೈಯಿಂದ ತಿರುಗಿಸಿ. ಬ್ರೇಕ್ ಹಿಡಿದಿದ್ದರೆ, ಚೈನ್ ಬಿಗಿಯಾಗಿದ್ದರೆ ಗಾಲಿ ಥಟ್ಟನೆ ನಿಲ್ಲುತ್ತದೆ. ಟೈರಿನಲ್ಲಿ ಗಾಳಿ ಕಡಿಮೆಯಿದ್ದರೂ ಎಂಜಿನ್ನಿಗೇ ಹೊರೆ.

10. ಟು-ಸ್ಟ್ರೋಕ್ ಗಾಡಿಗೆ ಬೇರೆ ಜೋಪಾನ. 1960ರಲ್ಲಿ ಸ್ಥಾಪನೆಯಾಗಿ 1996ರಲ್ಲಿ ಬಾಗಿಲು ಹಾಕಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಗಾಡಿಗಳು ಇಂದಿಗೂ ಓಡುತ್ತಿವೆ. ಅವನ್ನು ಉಳಿಸಿಕೊಂಡವರ ಬಗ್ಗೆ ನನಗೆ ಗೌರವ. ಇವುಗಳಲ್ಲಿ ಕ್ರ್ಯಾಂಕಿನ ಪ್ರತಿ ಸುತ್ತಿಗೂ ಒಮ್ಮೆ ಉರಿ, ಫೋರ್-ಸ್ಟ್ರೋಕಿನಲ್ಲಿ ಎರಡು ಸುತ್ತಿಗೆ ಒಮ್ಮೆ. ಪಿಸ್ಟನ್ನಿಗೆ ಪೆಟ್ರೋಲಿನೊಂದಿಗೆ ಬರುವ ಆಯಿಲ್ ಒಂದೇ ಆಸರೆ. ಪಂಪಿನಲ್ಲಿ ಅಂದಾಜಿಗೆ ಸುರಿಯದೆ, ಕೈಪಿಡಿ ಹೇಳಿದಷ್ಟನ್ನು ಅಳತೆ ಕಪ್ಪಿನಿಂದ ಹಾಕಿ ಬೆರೆಸಿ. ಆರ್‌ಎಕ್ಸ್ 100ಕ್ಕೆ ಆಯಿಲ್ ಪಂಪ್ ಬೇರೆ ಇದೆ. ಅದರ ಟ್ಯಾಂಕ್ ಬರಿದಾಗಲು ಬಿಡಬೇಡಿ. ಸೈಲೆನ್ಸರಿನಲ್ಲಿ ಕಾರ್ಬನ್ ಕಟ್ಟಿ ಹೊಗೆ ಹೊರಹೋಗದಿದ್ದರೂ ಸಿಲಿಂಡರ್ ಕಾಯುತ್ತದೆ. ವರ್ಷಕ್ಕೊಮ್ಮೆ ತೆಗೆಸಿ ಸ್ವಚ್ಛ ಮಾಡಿಸಿ. ಓಡುವಾಗ ಗಾಡಿ ಹಿಡಿದಂತೆ ಅನಿಸಿದ ಕ್ಷಣವೇ ಕ್ಲಚ್ ಪೂರ್ತಿ ಹಿಡಿಯಿರಿ. ಹಿಂದಿನ ಗಾಲಿ ಲಾಕ್ ಆಗಿ ಬೀಳುವುದು ತಪ್ಪುತ್ತದೆ.

11. ಊರೊಳಗೆ ಬರುವ ಮುನ್ನ ಎಂಜಿನ್ ತಣಿಸಿಕೊಳ್ಳಿ. ಟಿಕೋಟಾದಿಂದ ಜೋರಾಗಿ ಬಂದವರು ತೊರವಿ ದಾಟುತ್ತಲೇ ಎಕ್ಸಲರೇಟರ್ ಇಳಿಸಿ, 35-40ರ ವೇಗದಲ್ಲಿ ಹಗುರಾಗಿ ಬನ್ನಿ. ಸಂಕ್ರಮಣಕ್ಕೆ ಸಿದ್ಧೇಶ್ವರ ಜಾತ್ರೆಯ ಜನಸಾಗರ ಇರುವಾಗ ಗಾಡಿಯನ್ನು ದೂರವೇ ನಿಲ್ಲಿಸಿ ನಡೆದು ಹೋಗುವುದು ಇನ್ನೂ ಮೇಲು. ಬೋರಿಂಗ್ ಮಾಡಿಸಿ ಹೊಸ ಪಿಸ್ಟನ್ ಹಾಕಿಸಿದವರು ಮೊದಲ ಕೆಲವು ನೂರು ಕಿ.ಮೀ. ಸಂತೆಯ ದಟ್ಟಣೆಗೆ ಇಳಿಯಲೇಬಾರದು. ಬೆಳಗಿನ ತಂಪಿನಲ್ಲಿ ಬಯಲು ರಸ್ತೆಯಲ್ಲಿ ಓಡಿಸಿ ಹೊಂದಿಸಿಕೊಳ್ಳಲಿ.

12. ಕಾದೇಬಿಟ್ಟರೆ ನಿಲ್ಲಿ. ಪಿಕಪ್ ಬೀಳುವುದು, ಗೇರ್ ಗಡಸಾಗುವುದು, ಸುಟ್ಟ ಆಯಿಲ್ ವಾಸನೆ, ಕೀಲಿ ತೆಗೆದ ಮೇಲೂ ಎರಡು ಸಲ ಧಡಧಡ ಎನ್ನುವುದು, ಇವು ಎಚ್ಚರಿಕೆಗಳು. ಬೇವಿನ ಮರವೋ ಅಂಗಡಿಯ ತಗಡಿನ ನೆರಳೋ ಸಿಕ್ಕಲ್ಲಿ ನಿಲ್ಲಿಸಿ, ಪೆಟ್ರೋಲ್ ಕಾಕ್ ಬಂದ್ ಮಾಡಿ, ಅರ್ಧ ತಾಸು ಬಿಡಿ. ಬಾಟಲಿ ನೀರು ಎಂಜಿನ್ ಮೇಲೆ ಸುರಿಯಬೇಡಿ. ಕಾದ ಲೋಹ ಒಮ್ಮೆಲೇ ತಣಿದರೆ ಫಿನ್ ಸೀಳಬಹುದು, ಹೆಡ್ ಸೊಟ್ಟಗಾಗಬಹುದು. ಕೈ ತಾಗಿಸುವಷ್ಟು ತಣಿದ ಮೇಲೆ ಆಯಿಲ್ ನೋಡಿ, ಆಮೇಲೆ ಕಿಕ್ ಮೇಲೆ ಮೆಲ್ಲಗೆ ಕಾಲಿಡಿ. ಕಿಕ್ ಇಳಿಯದಿದ್ದರೆ ಹಟ ಮಾಡಬೇಡಿ, ತಳ್ಳಿ ಗೇರಿಗೆ ಹಾಕಲೂ ಹೋಗಬೇಡಿ. ಗಾಡಿಯನ್ನು ಟಂಟಂನಲ್ಲಿ ಹೇರಿಕೊಂಡು ಮಿಸ್ತ್ರಿಯ ಬಳಿಗೆ ಒಯ್ಯಿರಿ. ಅದರ ಬಾಡಿಗೆ ಬೋರಿಂಗ್ ಖರ್ಚಿಗಿಂತ ಎಷ್ಟೋ ಕಡಿಮೆ.