ಕುಕಿ ಮತ್ತು ಗೂಢಚಾರ ತಂತ್ರಾಂಶ: ಮನೆಯವರು ಅರಿಯಬೇಕಾದ ಭೇದ

ಬಸವಕಲ್ಯಾಣದ ಒಂದು ಮನೆಯಲ್ಲಿ ಮಗಳು ಗಣಕಯಂತ್ರದಲ್ಲಿ ಕಲಬುರಗಿಯ ಕಾಲೇಜುಗಳ ವಿವರವನ್ನು ನೋಡಿದಳೆಂದು ಭಾವಿಸೋಣ. ಸಂಜೆ ತಂದೆಯು ಅದೇ ಯಂತ್ರದಲ್ಲಿ ವರ್ತಮಾನಪತ್ರಿಕೆಯನ್ನು ತೆರೆಯಲು, ಅಂಚಿನಲ್ಲಿ ಕಾಲೇಜುಗಳ ಜಾಹೀರಾತೇ ಕಾಣುವುದು. ಯಾರೋ ಒಳಗೆ ಕುಳಿತು ನೋಡುತ್ತಿರುವರೆಂದು ಅವರು ಬೆದರುವುದು ಸಹಜವೇ.

ಇದು ‘ಕುಕಿ’ಯ ಕೆಲಸ. 1994ರಲ್ಲಿ ಲೂ ಮೊಂಟುಲ್ಲಿ ಎಂಬವರು ರೂಪಿಸಿದ ಈ ಕುಕಿಯು ಒಂದು ಸಣ್ಣ ಗುರುತಿನ ಚೀಟಿ. ಜಾಲತಾಣವು ನಮ್ಮನ್ನು ಮರಳಿ ಗುರುತಿಸುವುದಕ್ಕಾಗಿ ಅದನ್ನು ನಮ್ಮ ಬ್ರೌಸರಿನಲ್ಲಿಯೇ ಇರಿಸುವುದು. ಒಂದೇ ಜಾಹೀರಾತು ಸಂಸ್ಥೆಯು ಹಲವು ತಾಣಗಳಲ್ಲಿ ತನ್ನ ಚೀಟಿಯನ್ನು ಓದಿಕೊಂಡರೆ, ನಮ್ಮ ಜಾಡು ಅದಕ್ಕೆ ತಿಳಿಯುವುದು. ಆದರೆ ಕುಕಿಯು ತಾನಾಗಿ ಏನನ್ನೂ ಮಾಡಲಾರದು. ಬ್ರೌಸರಿನ ಸೆಟ್ಟಿಂಗ್ಸಿನಲ್ಲಿ ಅದನ್ನು ಅಳಿಸಬಹುದು, ಅನ್ಯ ತಾಣಗಳ ಕುಕಿಗಳನ್ನು ತಡೆಯಲೂಬಹುದು.

‘ಸ್ಪೈವೇರ್’ ಎಂಬ ಗೂಢಚಾರ ತಂತ್ರಾಂಶವಾದರೋ ಬೇರೆ ಜಾತಿಯದು. ಉಚಿತವೆಂದು ಇಳಿಸಿಕೊಂಡ ಆಟದೊಡನೆ ಒಳಹೊಕ್ಕು, ನಾವು ಒತ್ತಿದ ಅಕ್ಷರಗಳನ್ನೂ ಪಾಸ್‌ವರ್ಡುಗಳನ್ನೂ ಪರರಿಗೆ ಕಳುಹಿಸಬಲ್ಲುದು. ಕುಕಿಗಳನ್ನು ಅಳಿಸಿದ ಮಾತ್ರಕ್ಕೆ ಇದು ತೊಲಗದು. ವೈರಸ್ ನಿರೋಧಕ ತಂತ್ರಾಂಶದಿಂದ ಯಂತ್ರವನ್ನೆಲ್ಲ ಶೋಧಿಸಬೇಕು. ಪಾಸ್‌ವರ್ಡುಗಳನ್ನು ಬೇರೊಂದು ಯಂತ್ರದಿಂದ ಬದಲಿಸಬೇಕು. ಹಣ ಹೋಗಿದ್ದರೆ ಕೂಡಲೆ 1930ಕ್ಕೆ ದೂರವಾಣಿ ಮಾಡಿ ದೂರು ಕೊಡಬೇಕು.

ಪೋಷಕರೇ, ಜಾಹೀರಾತನ್ನು ಕಂಡು ಮಗಳನ್ನು ಗದರಿಸಿ ಯಂತ್ರವನ್ನು ಮುಚ್ಚಿಡಬೇಡಿರಿ. ಹೆದರಿದ ಮಗು ನಾಳೆ ನಿಜವಾದ ಅಪಾಯ ಬಂದಾಗಲೂ ಬಾಯಿ ಬಿಡಲಾರದು. ಅವಳ ಪಕ್ಕದಲ್ಲಿ ಕುಳಿತು ಈ ಭೇದವನ್ನು ಕೂಡಿಯೇ ಕಲಿಯಿರಿ.