ಜೀವಕೋಶದೊಳಗಿನ ಮೌನ

ಬೀಜದಂತೆ ವೃಕ್ಷ ಎಂಬುದು ನಮ್ಮ ಹಿರಿಯರ ಮಾತು. ಮಗುವಿನ ಮೂಗು ತಂದೆಯದು, ಕಣ್ಣು ತಾಯಿಯದು ಎಂದು ಹೇಳುವಾಗಲೂ ನಾವು ಈ ನಂಬಿಕೆಯನ್ನೇ ಆಡಿ ತೋರಿಸುತ್ತೇವೆ. ಈ ಮಾತಿನಲ್ಲಿ ಸತ್ಯಾಂಶವುಂಟು. ಆದರೆ ಬೀಜದಲ್ಲಿ ಬರೆದಿರುವುದೆಲ್ಲವೂ ವೃಕ್ಷದಲ್ಲಿ ಪ್ರಕಟವಾಗುವುದೇ? ಇಲ್ಲವೆಂದೂ, ಬರೆದುದರಲ್ಲಿ ಯಾವುದು ನುಡಿಯಬೇಕು, ಯಾವುದು ಸುಮ್ಮನಿರಬೇಕು ಎಂಬುದು ಸಹ ಜೀವಿಯ ರೂಪವನ್ನು ನಿರ್ಣಯಿಸುವುದೆಂದೂ ಜೀವಶಾಸ್ತ್ರವು ತೋರಿಸಿಕೊಟ್ಟಿದೆ. ಇದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಮಾತಾಪಿತೃಗಳಿಗೂ ತಿಳಿಯುವಂತೆ ನಿರೂಪಿಸುವುದೇ ಈ ಲೇಖನದ ಉದ್ದೇಶ.

ಲಗ್ಗೆರೆಯ ನೆರೆಯಲ್ಲಿಯೇ ಪೀಣ್ಯದ ಕಾರ್ಖಾನೆಗಳಿರುವುದರಿಂದ ಅಲ್ಲಿಂದಲೇ ಒಂದು ಹೋಲಿಕೆಯನ್ನು ತೆಗೆದುಕೊಳ್ಳೋಣ. ಯಂತ್ರಭಾಗವೊಂದನ್ನು ತಯಾರಿಸುವ ಕಾರ್ಖಾನೆಯಲ್ಲಿ ಅದರ ಮೂಲ ನಕ್ಷೆಯು ಕಚೇರಿಯ ಪೆಟ್ಟಿಗೆಯಲ್ಲಿ ಭದ್ರವಾಗಿರುವುದು. ಕೆಲಸಗಾರನ ಕೈಗೆ ಬರುವುದು ಅದರ ಪ್ರತಿ ಮಾತ್ರ. ಆ ಪ್ರತಿಯನ್ನು ನೋಡಿ ಅವನು ಲೋಹವನ್ನು ಕಡೆಯುವನು. ಜೀವಕೋಶದಲ್ಲಿಯೂ ವ್ಯವಸ್ಥೆ ಇದೇ ಪ್ರಕಾರವಾಗಿದೆ. ಡಿಎನ್‌ಎ ಎಂಬುದು ಮೂಲ ನಕ್ಷೆ. ಅದರ ಒಂದೊಂದು ಭಾಗವೇ ಜೀನು. ಜೀನಿನಿಂದ ತೆಗೆದ ಪ್ರತಿಯ ಹೆಸರು ಸಂದೇಶವಾಹಕ ಆರ್‌ಎನ್‌ಎ. ಆ ಪ್ರತಿಯನ್ನು ಓದಿ ಪ್ರೋಟೀನನ್ನು ಕಟ್ಟುವ ಕೆಲಸಗಾರನೇ ರೈಬೋಸೋಮು. ಹೀಗಿರಲು, ಪ್ರತಿಯು ಕೆಲಸಗಾರನಿಗೆ ತಲುಪುವ ಮೊದಲೇ ಅದನ್ನು ಯಾರಾದರೂ ಹರಿದುಹಾಕಿದರೆ ಏನಾದೀತು? ನಕ್ಷೆಗೆ ಯಾವ ಹಾನಿಯೂ ಇಲ್ಲ. ಆದರೂ ವಸ್ತುವು ತಯಾರಾಗದು. ಜೀನಿನ ಮೌನವೆಂದರೆ ಇದೇ.

ಈ ಮೌನವು ಮನುಷ್ಯರ ಕಣ್ಣಿಗೆ ಬಿದ್ದದ್ದು ಒಂದು ಹೂವಿನ ಮೂಲಕ. ನಮ್ಮ ಕೈತೋಟಗಳಲ್ಲಿ ಬೆಳೆಯುವ ಪೆಟೂನಿಯಾ ಹೂವಿನ ನೇರಳೆ ಬಣ್ಣವನ್ನು ಇನ್ನೂ ಗಾಢಗೊಳಿಸಲು, ಬಣ್ಣದ ಜೀನಿನ ಮತ್ತೊಂದು ಪ್ರತಿಯನ್ನು ಕೆಲವು ವಿಜ್ಞಾನಿಗಳು ಗಿಡಕ್ಕೆ ಸೇರಿಸಿದರು. 1990ರಲ್ಲಿ ಅವರು ಪ್ರಕಟಿಸಿದ ಫಲವು ವಿಚಿತ್ರವಾಗಿತ್ತು: ಅನೇಕ ಹೂಗಳು ಅಚ್ಚ ಬಿಳಿಯಾಗಿದ್ದವು. ಹೊಸ ಜೀನು ನುಡಿಯುವ ಬದಲು ಹಳೆಯದನ್ನೂ ಸುಮ್ಮನಾಗಿಸಿತ್ತು. ಇದರ ಗುಟ್ಟನ್ನು ಬಿಡಿಸಲು ನೆರವಾದದ್ದು, ಒಂದು ಮಿಲಿಮೀಟರ್ ಉದ್ದದ ಹುಳುವಿನ ಮೇಲೆ ಆಂಡ್ರೂ ಫೈರ್ ಮತ್ತು ಕ್ರೇಗ್ ಮೆಲ್ಲೊ ಎಂಬವರು 1998ರಲ್ಲಿ ಪ್ರಕಟಿಸಿದ ಪ್ರಯೋಗ. ಎರಡು ಎಳೆಗಳಾಗಿ ಹೆಣೆದುಕೊಂಡ ಆರ್‌ಎನ್‌ಎ ಒಳಹೊಕ್ಕರೆ ಅದಕ್ಕೆ ಹೊಂದುವ ಜೀನು ಸುಮ್ಮನಾಗುವುದೆಂದು ಅವರು ಕಂಡರು. ಇದಕ್ಕಾಗಿ 2006ರಲ್ಲಿ ಅವರಿಗೆ ನೊಬೆಲ್ ಬಹುಮಾನವು ದೊರಕಿತು.

ಇದು ನಡೆಯುವ ಬಗೆ ಹೇಗೆಂದರೆ: ಡೈಸರ್ ಎಂಬ ಕಿಣ್ವವು ಎರಡೆಳೆಯ ಆರ್‌ಎನ್‌ಎಯನ್ನು ಇಪ್ಪತ್ತೊಂದು ಇಪ್ಪತ್ತೆರಡು ಅಕ್ಷರಗಳಷ್ಟು ಉದ್ದದ ತುಣುಕುಗಳಾಗಿ ಕತ್ತರಿಸುವುದು. ಅವುಗಳಲ್ಲಿ ಒಂದು ಎಳೆಯನ್ನು ಆರ್ಗೊನಾಟ್ ಎಂಬ ಪ್ರೋಟೀನು ಹಿಡಿದುಕೊಳ್ಳುವುದು. ಕಾರ್ಖಾನೆಯ ಮೇಲ್ವಿಚಾರಕನು ಕೈಯಲ್ಲಿ ಚೀಟಿ ಹಿಡಿದು ಹೊರಟಂತೆ, ಅದು ಆ ತುಣುಕಿಗೆ ಹೊಂದುವ ಸಂದೇಶವನ್ನು ಅರಸುವುದು. ಸಿಕ್ಕಿದ ಕೂಡಲೆ ಕತ್ತರಿಸುವುದು, ಇಲ್ಲವೆ ಓದದಂತೆ ತಡೆಯುವುದು. ಹೊರಗಿನಿಂದ ಬಂದ ವೈರಸ್ಸುಗಳನ್ನು ಗಿಡಗಳು ಎದುರಿಸುವುದು ಈ ಉಪಾಯದಿಂದಲೇ. ಇದಲ್ಲದೆ ಜೀವಕೋಶವು ತನ್ನ ಜೀನುಗಳನ್ನು ಹತೋಟಿಯಲ್ಲಿಡಲು ತಾನೇ ಇಂಥ ತುಣುಕುಗಳನ್ನು ತಯಾರಿಸುವುದುಂಟು. ಅವುಗಳಿಗೆ ಮೈಕ್ರೋ ಆರ್‌ಎನ್‌ಎ ಎಂದು ಹೆಸರು. ಮೊದಲನೆಯದು 1993ರಲ್ಲಿ ಬೆಳಕಿಗೆ ಬಂದಿತು; ಅದನ್ನು ಅರಿತ ವಿಕ್ಟರ್ ಆಂಬ್ರೋಸ್, ಗ್ಯಾರಿ ರವ್ಕುನ್ ಎಂಬವರು 2024ರ ನೊಬೆಲ್ ಬಹುಮಾನವನ್ನು ಪಡೆದರು.

ಇದೆಲ್ಲವೂ ದೂರದೇಶದ ಸಂಗತಿಯೆಂದು ವಾಚಕರು ಭಾವಿಸಬೇಕಾಗಿಲ್ಲ. ಲಗ್ಗೆರೆಯಿಂದ ಈಶಾನ್ಯಕ್ಕೆ ಕೆಲವೇ ಮೈಲಿ ದೂರದಲ್ಲಿ, ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣದೊಳಗೆ, ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವಿದೆ. ಅಲ್ಲಿ ಪಿ. ವಿ. ಶಿವಪ್ರಸಾದ್ ಅವರ ತಂಡವು ನಮ್ಮ ನಿತ್ಯದ ಅನ್ನವಾದ ಭತ್ತವನ್ನೇ ಪರೀಕ್ಷಿಸಿ, 2018ರಲ್ಲಿ ತನ್ನ ಶೋಧನೆಯನ್ನು ಪ್ರಕಟಿಸಿತು. ಭತ್ತದ ಕಾಡು ಬಂಧುಗಳಲ್ಲಿ ಇಪ್ಪತ್ತೆರಡು ಅಕ್ಷರಗಳ ಒಂದು ಮೈಕ್ರೋ ಆರ್‌ಎನ್‌ಎ ಹೇರಳವಾಗಿ ಕಂಡುಬಂದಿತು. ಅದರ ಸಂಖ್ಯೆ 397. ಅದು ಲ್ಯಾಕೇಸ್ ಎಂಬ ಕಿಣ್ವಗಳ ಸಂದೇಶಗಳನ್ನು ನಾಶಮಾಡುವುದು. ಅಷ್ಟೇ ಅಲ್ಲ, ಹಾಗೆ ಕತ್ತರಿಸಿದ ಸಂದೇಶಗಳಿಂದಲೇ ಮತ್ತಷ್ಟು ತುಣುಕುಗಳು ಹುಟ್ಟಿ ಮೌನವು ಇನ್ನೂ ಗಾಢವಾಗುವುದು. ಲ್ಯಾಕೇಸ್ ಇಲ್ಲದೆ ಲಿಗ್ನಿನ್ ಸಾಕಷ್ಟು ಕೂಡದು; ಗಿಡದ ಅಂಗಾಂಶಕ್ಕೆ ಬಿಗಿಯನ್ನು ಕೊಡುವ ವಸ್ತುವೇ ಲಿಗ್ನಿನ್. ಹೆಚ್ಚು ಇಳುವರಿಯ ಸಾಗುವಳಿ ಭತ್ತಗಳಲ್ಲಾದರೋ ಈ ಮೈಕ್ರೋ ಆರ್‌ಎನ್‌ಎ ಅತ್ಯಲ್ಪ. ಆದಕಾರಣ ಲ್ಯಾಕೇಸಿನ ಜೀನುಗಳಿಗೆ ಅಡ್ಡಿಯಿಲ್ಲ. ಪ್ರಯೋಗಾಲಯದಲ್ಲಿ ಭತ್ತದ ಗಿಡದೊಳಗೆ ಆ ತುಣುಕನ್ನು ಹೆಚ್ಚಿಸಿದಾಗ, ಗಿಡವು ಕಾಡುಭತ್ತದ ಲಕ್ಷಣಗಳತ್ತ ಹಿಂತಿರುಗಿತು.

ಇದರ ಅರ್ಥವನ್ನು ನಿಧಾನವಾಗಿ ಆಲೋಚಿಸಬೇಕು. ಸಾವಿರಾರು ವರ್ಷಗಳಿಂದ ನಮ್ಮ ರೈತರೂ ರೈತ ಮಹಿಳೆಯರೂ ಒಳ್ಳೆಯ ತೆನೆಗಳನ್ನು ಆರಿಸಿ ಮರುವರ್ಷಕ್ಕೆ ಬಿತ್ತನೆಗಾಗಿ ತೆಗೆದಿರಿಸುತ್ತಾ ಬಂದರು. ಅವರು ಆರ್‌ಎನ್‌ಎಯ ಹೆಸರನ್ನು ಕೇಳಿದವರಲ್ಲ. ಆದರೂ ಅವರು ಆರಿಸಿದುದರಲ್ಲಿ, ಕಾಡುಹುಲ್ಲಿನಲ್ಲಿ ಮೊದಲೇ ಇದ್ದು ಬಾಯಿಕಟ್ಟಿದ್ದ ಜೀನುಗಳ ಮೌನವನ್ನು ಬಿಡಿಸುವ ಕೆಲಸವೂ ಸೇರಿತ್ತು. ನಮ್ಮ ತಟ್ಟೆಯ ಅನ್ನದಲ್ಲಿ ಆ ಕೈಗಳ ಶ್ರಮವಿದೆ.

ಬೀಜದ ಬರಹವು ಕೆಲವು ವೇಳೆ ಕಠೋರವಾದುದು ಎಂಬುದನ್ನೂ ಮರೆಯಲಾಗದು. ವಂಶದಿಂದ ಬರುವ ಒಂದು ರೋಗದಲ್ಲಿ, ಯಕೃತ್ತು ತಯಾರಿಸುವ ದೋಷಯುಕ್ತ ಪ್ರೋಟೀನು ನರಗಳಲ್ಲಿಯೂ ಹೃದಯದಲ್ಲಿಯೂ ಸಂಗ್ರಹವಾಗಿ ರೋಗಿಯನ್ನು ಕುಗ್ಗಿಸುವುದು. 2018ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಪಟಿಸಿರಾನ್ ಎಂಬ ಔಷಧವು ಇದೇ ಮೌನದ ಮಾರ್ಗವನ್ನು ಹಿಡಿದ ಮೊದಲನೆಯ ಔಷಧ. ಅದು ಜೀನನ್ನು ತಿದ್ದುವುದಿಲ್ಲ. ಆ ಪ್ರೋಟೀನಿನ ಸಂದೇಶವನ್ನು ಮಾತ್ರ ಹರಿಯುವುದು. ಮೂಲ ನಕ್ಷೆಯು ಹಾಗೆಯೇ ಉಳಿದಿರುವುದರಿಂದ ಮೂರು ವಾರಗಳಿಗೊಮ್ಮೆ ಅದನ್ನು ಕೊಡುತ್ತಲೇ ಇರಬೇಕು.

ಭತ್ತದ ಸಂಗತಿಯಿಂದ ಮಕ್ಕಳ ಬುದ್ಧಿಯ ವಿಷಯವಾಗಿ ನೇರವಾದ ತೀರ್ಮಾನವನ್ನು ತೆಗೆಯುವುದು ಸರಿಯಲ್ಲ. ಜೀನನ್ನು ಎಚ್ಚರಿಸುವೆವೆಂದು ಪುಡಿ ಪಾನಕಗಳನ್ನು ಮಾರುವವರಿಗೂ ಕಿವಿಗೊಡಬಾರದು. ಆದರೆ ಒಂದು ಮಾತನ್ನು ಧೈರ್ಯವಾಗಿ ಹೇಳಬಹುದು. ಅಲ್ಪವಾದ ಹುಲ್ಲಿನ ಬೀಜದಲ್ಲಿಯೂ ದೇವರು ಇಟ್ಟಿರುವುದು ಹೊರಗೆ ಕಾಣುವುದಕ್ಕಿಂತ ಹೆಚ್ಚು. ಹಾಗಿರಲು, ಅವಳ ವಂಶವೇ ಅಂಥದು, ಅವಳಿಗೆ ಇಷ್ಟೇ ಸಾಕು ಎಂದು ಹೆಣ್ಣುಮಗಳೊಬ್ಬಳ ಪುಸ್ತಕವನ್ನು ಮುಚ್ಚಿಡುವವರು ವಿಜ್ಞಾನದ ಸಾಕ್ಷ್ಯವನ್ನು ಕರೆಯಲಾರರು.